ಫಲಕದ ಮೇಲಿನ ‘ಕಾನು’: ಸಾಗರ ಸೀಮೆಯ ಒಂದು ಹೋಮ್‌ಸ್ಟೇ ಮತ್ತು ಅಲ್ಲಿನ ಎರಡು ನಡಿಗೆಗಳು

ಸಾಗರದಿಂದ ತಾಳಗುಪ್ಪಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ಮಣ್ಣುದಾರಿ ಹಿಡಿದ ಮೇಲೆ ಸಿಗುವ ಒಂದು ಹೋಮ್‌ಸ್ಟೇಯಲ್ಲಿ ನಾನು, ನನ್ನ ಮನೆಯವಳು ಮತ್ತು ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಕಳೆದ ನವೆಂಬರ್ ತಿಂಗಳಲ್ಲಿ ಎರಡು ರಾತ್ರಿ ತಂಗಿದ್ದೆವು. ಮನೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾದುದರಲ್ಲಿ ಮೆಚ್ಚುಗೆಯ ಜೊತೆಗೆ ಒಂದು ದೂರೂ ಇದೆ. ಆ ದೂರು ಅದೊಂದೇ ಮನೆಗೆ ಸೇರಿದ್ದಲ್ಲ, ಮಲೆನಾಡಿನ ಅನೇಕ ಫಲಕಗಳಿಗೂ ಕರಪತ್ರಗಳಿಗೂ ಸಲ್ಲುವಂಥದು. ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಕಾನಿನ ನಡುವೆ ಒಂದು ಮನೆ’ ಎಂದು ಬರೆದಿತ್ತು; ಕೆಳಗೆ ಚಿಕ್ಕದಾಗಿ ‘ಕಾನಿನ ನಡಿಗೆ, ತಲೆಗೆ 600 ರೂಪಾಯಿ’ ಎಂದಿತ್ತು. ನಾವು ಅಲ್ಲಿಗೆ ಹೋದದ್ದೇ ‘ಕಾನು’ ಎಂಬ ಆ ಒಂದು ಪದವನ್ನು ನಂಬಿಕೊಂಡು; ನಮ್ಮ ಸೀಮೆಯಲ್ಲಿ ಅದು ವರ್ಷವಿಡೀ ಹಸಿರಾಗಿರುವ, ಒಳಗೆ ಕತ್ತಲೆಗಟ್ಟಿದ ಒಂದು ಬಗೆಯ ಕಾಡಿನ ಹೆಸರು. ಆದ್ದರಿಂದ ಈ ವಿಮರ್ಶೆಯೂ ಆ ಪದವನ್ನು ಹಿಡಿದುಕೊಂಡೇ ಸಾಗುತ್ತದೆ.

ನಾನು ಶಿವಮೊಗ್ಗದಲ್ಲಿ 28 ವರ್ಷಗಳಿಂದ ಪತ್ರಬರಹಗಾರನಾಗಿ ಕೆಲಸ ಮಾಡುತ್ತಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆಯುವವನಿಗೆ ನೆಲದ ಹೆಸರುಗಳು ಅಲಂಕಾರದ ಮಾತುಗಳಲ್ಲ. ತರಿ, ಖುಷ್ಕಿ, ಬಾಗಾಯ್ತು, ಖರಾಬು, ಗೋಮಾಳ, ಸೊಪ್ಪಿನಬೆಟ್ಟ, ಕಾನು ಎಂಬ ಒಂದೊಂದು ಪದದ ಹಿಂದೆಯೂ ಒಂದೊಂದು ಬಗೆಯ ಹಕ್ಕು, ಒಂದೊಂದು ಬಗೆಯ ನಿರ್ಬಂಧ ಇರುತ್ತದೆ. ಪಹಣಿಯಲ್ಲಿ ಒಂದು ಪದ ಬದಲಾದರೆ ಒಂದು ಮನೆತನದ ಬದುಕೇ ಬದಲಾಗಬಹುದು. ಚಕ್ಕುಬಂದಿ ಬರೆಯುವಾಗ ‘ಪೂರ್ವಕ್ಕೆ ಕಾನು’ ಎಂದು ಬರೆಯಬೇಕಾದ ಕಡೆ ‘ಪೂರ್ವಕ್ಕೆ ಕಾಡು’ ಎಂದು ಬರೆದರೆ ಹಳ್ಳಿಯ ಹಿರಿಯರು ಒಪ್ಪುವುದಿಲ್ಲ. ಹೀಗೆ ಪದವನ್ನು ತೂಗಿ ನೋಡುವುದು ನನಗೆ ಕಸುಬಿನಿಂದ ಬಂದ ಅಭ್ಯಾಸ.

ಮೊದಲು ಊಟ ವಸತಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಹಳೆಯ ತೊಟ್ಟಿಮನೆಯ ಒಂದು ಪಾರ್ಶ್ವವನ್ನು ಅತಿಥಿಗಳಿಗಾಗಿ ಬಿಡಿಸಿಕೊಟ್ಟಿದ್ದಾರೆ. ಕೋಣೆ ಸ್ವಚ್ಛವಾಗಿತ್ತು, ಹಂಡೆಯ ಬಿಸಿನೀರು ಬೆಳಗಿನ ಜಾವದಿಂದಲೇ ಸಿಗುತ್ತಿತ್ತು. ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೊಟ್ಟೆ ಕಡುಬು, ಜೋನಿಬೆಲ್ಲ ಎಲ್ಲವೂ ಮನೆಯವರು ತಾವು ಉಣ್ಣುವುದನ್ನೇ ನಮಗೂ ಬಡಿಸಿದಂತಿತ್ತು. ಎರಡನೆಯ ದಿನ ಮಧ್ಯಾಹ್ನ ಬಿಸಿ ಅನ್ನದ ಮೇಲೆ ಉಪ್ಪಾಗೆ ತುಪ್ಪವನ್ನು ಒಂದು ಚಮಚ ಹಾಕಿದರು. ಉಪ್ಪಾಗೆಯ ಬೀಜದಿಂದ ತೆಗೆಯುವ ಈ ಗಟ್ಟಿ ತುಪ್ಪವನ್ನು ನನ್ನ ಮಗಳು ಅದೇ ಮೊದಲ ಬಾರಿಗೆ ಕಂಡದ್ದು. ಊಟಕ್ಕೂ ವಸತಿಗೂ ನಾನು ಒಂದಂಕವನ್ನೂ ಕಳೆಯಲಾರೆ.

ನಡಿಗೆಯ ವಿಷಯ ಬೇರೆ. ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೆ ನಮ್ಮನ್ನು ಕರೆದುಕೊಂಡು ಹೋದವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಮಾತಿನಲ್ಲಿ ವಿನಯವಿತ್ತು, ಉಂಬಳಕ್ಕೆಂದು, ಎಂದರೆ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆಗೆಂದು, ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ತಂದಿದ್ದ. ಮನೆಯ ಹಿಂದಿನ ಅಡಿಕೆ ತೋಟವನ್ನು ದಾಟಿ, ಗುಡ್ಡ ಹತ್ತಿ, ಸಾಲುಸಾಲಾಗಿ ಬೆಳೆದ ಮರಗಳ ನಡುವೆ ಮುಕ್ಕಾಲು ಗಂಟೆ ನಡೆಸಿದ. ಅವೆಲ್ಲವೂ ಅಕೇಶಿಯಾ ಮರಗಳು. ನೆಲದ ಮೇಲೆ ಕುಡುಗೋಲಿನಾಕಾರದ ಒಣ ಎಲೆಗಳು ಒಂದರ ಮೇಲೊಂದು ಬಿದ್ದು ಚಾಪೆಯಂತೆ ಹಾಸಿದ್ದವು. ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು ಬರುತ್ತಿತ್ತು. ಅಲ್ಲೊಂದು ಇಲ್ಲೊಂದು ಲಂಟಾನದ ಪೊದೆ ಇತ್ತು. ಅದರಾಚೆಗೆ ಬಿಸಿಲು ಸುರಿಯುವ ಹಕ್ಕಲು, ಅಲ್ಲಿಂದ ಮತ್ತೆ ಅಕೇಶಿಯಾ. ಹುಡುಗ ತಿರುಗಿ ನಿಂತು ಕೈಬೀಸಿ ‘ಸಾರ್, ಇದೆಲ್ಲ ಪೂರ್ತಿ ಕಾನು’ ಎಂದ. ಮುಂದೆ ಐದು ಹೆಜ್ಜೆಯಲ್ಲೇ ಅದನ್ನು ‘ಜಂಗಲ್’ ಎಂದ, ಇನ್ನೂ ಮುಂದೆ ‘ಡೀಪ್ ಫಾರೆಸ್ಟ್’ ಎಂದ.

ಮಗಳು ನನ್ನ ಕಡೆ ತಿರುಗಿ, ‘ಅಪ್ಪಾ, ಕಾನು ಅಂದ್ರೆ ಫಾರೆಸ್ಟ್ ಅಂತಲೇ ಅಲ್ವಾ? ಕಾಡಿಗೆ ಇನ್ನೊಂದು ಹೆಸರು?’ ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ, ಸೊರಬದ ಕಡೆಯಲ್ಲಿ ಹುಟ್ಟಿ ಬೆಳೆದ ಅವಳ ತಾಯಿ, ‘ಇದು ಕಾನಲ್ಲ ಮಗಾ. ಕಾನಿನಲ್ಲಿ ಹಿಂಗೆ ಬಿಸಿಲು ಬೀಳಲ್ಲ’ ಎಂದಳು. ಹುಡುಗನಿಗೆ ಮುಜುಗರವಾದದ್ದು ಕಂಡು ಅಲ್ಲಿಗೆ ಆ ಮಾತನ್ನು ನಿಲ್ಲಿಸಿದೆವು. ಆದರೆ ನಾವು 1,800 ರೂಪಾಯಿ ಕೊಟ್ಟು ಕೊಂಡದ್ದು ಕಾನಿನ ನಡಿಗೆಯನ್ನು. ನಮಗೆ ಸಿಕ್ಕಿದ್ದು ನೆಡುತೋಪಿನ ನಡಿಗೆ. ನನ್ನ ದೂರು ಇಷ್ಟೇ. ಇದು ಚಿಕ್ಕದೆಂದು ತೋರಬಹುದು, ನನಗೆ ಹಾಗೆನಿಸುವುದಿಲ್ಲ.

ಮರಗಳಿಂದ ತುಂಬಿದ ನೆಲಕ್ಕೆ ಕನ್ನಡದಲ್ಲಿರುವ ಪದಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಪರ್ಯಾಯಗಳಲ್ಲ. ಕಾಡು ಎಂಬುದು ಇವೆಲ್ಲವುಗಳಿಗೆ ತಾಯಿಯಂತಿರುವ ಪದ. ಅದು ಊರಿಗೆ, ನಾಡಿಗೆ ಎದುರಾದದ್ದು. ಮನುಷ್ಯನ ಕೈಗೆ ಒಗ್ಗದೆ ಉಳಿದದ್ದು. ಆದ್ದರಿಂದಲೇ ಅದು ಇನ್ನೊಂದು ಪದದ ಮೊದಲಿಗೆ ಬಂದು ಕೂತಾಗ ಪಳಗದ ಗುಣವನ್ನು ಹೇಳುತ್ತದೆ: ಕಾಡುಕೋಣ, ಕಾಡುಕೋಳಿ, ಕಾಡುಹಂದಿ. ತುದಿಮೊದಲಿಲ್ಲದ ಮಾತಿಗೆ ಕಾಡುಹರಟೆ ಎನ್ನುತ್ತೇವೆ. ವಯಸ್ಸಾದವರು ತಮ್ಮ ಬಗ್ಗೆ ‘ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ’ ಎಂದಾಗ ಅಲ್ಲಿ ಮರಗಳ ಮಾತೇ ಇಲ್ಲ. ಆ ಕಾಡು ಸುಡುಗಾಡು. ಅರಣ್ಯ ಸಂಸ್ಕೃತದಿಂದ ಬಂದದ್ದು. ಇಂದು ಅದು ಹೆಚ್ಚಾಗಿ ಇಲಾಖೆಯ, ಕಾಯ್ದೆಯ, ನಕ್ಷೆಯ ಪದವಾಗಿ ಉಳಿದಿದೆ. ದನ ಮೇಯಿಸುವವರು ‘ದನ ಅರಣ್ಯಕ್ಕೆ ಹೋಗಿದೆ’ ಎನ್ನುವುದನ್ನು ನಾನು ಕೇಳಿಲ್ಲ. ಆದರೆ ಅದೇ ದನವನ್ನು ಕಾವಲುಗಾರ ಹಿಡಿದರೆ ‘ಅರಣ್ಯದಲ್ಲಿ ಹಿಡಿದರು’ ಎನ್ನುತ್ತಾರೆ. ಅಡವಿ ಸಂಸ್ಕೃತದ ಅಟವಿಯಿಂದ ಬಂದ ತದ್ಭವ. ಬಯಲುಸೀಮೆಯವರ ಮಾತಿನಲ್ಲಿ ಅದು ಸಹಜವಾಗಿ ಬರುತ್ತದೆ, ನಮ್ಮ ಕಡೆ ಕಡಿಮೆ. ವನದಿಂದ ಬಂದ ಬನ ಚಿಕ್ಕದು, ಅದಕ್ಕೊಂದು ದೈವ ಇರಬೇಕು: ನಾಗಬನ, ಚೌಡಿಬನ. ತೋಪು ಎಂದರೆ ನೆಟ್ಟು ಬೆಳೆಸಿದ್ದು; ಮಾವಿನ ತೋಪು, ಊರ ಮುಂದಿನ ಗುಂಡುತೋಪು. ಘಟ್ಟ ಇಳಿದು ಕುಂದಾಪುರದ ಕಡೆ ಹೋದರೆ ಹಾಡಿ ಎನ್ನುತ್ತಾರೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇವಿಷ್ಟೂ ಸಾಲುವುದಿಲ್ಲ. ತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟುಕೊಂಡ ಮರಗಳ ಗುಡ್ಡ ಸೊಪ್ಪಿನಬೆಟ್ಟ. ಅಲ್ಲಿಯ ಮರಗಳು ವರ್ಷವರ್ಷವೂ ಕೊಂಬೆ ಕಡಿಸಿಕೊಂಡು ಮೊಂಡಾಗಿ ನಿಂತಿರುತ್ತವೆ, ಅದನ್ನು ಯಾರೂ ಕಾಡೆನ್ನುವುದಿಲ್ಲ. ಹುಲ್ಲಿಗೆಂದು ಬಿಟ್ಟದ್ದು ಬ್ಯಾಣ. ಗಿಡಗಂಟಿ ಬೆಳೆದ, ಹೆಚ್ಚು ಬೆಲೆಯಿಲ್ಲದ ಬಿಚ್ಚು ನೆಲ ಹಕ್ಕಲು. ಕೈಬಿಟ್ಟ ತೋಟದಲ್ಲಿ ಮುಳ್ಳು ಬಳ್ಳಿ ಏರಿಕೊಂಡರೆ ‘ಹಳು ಬೆಳೆದಿದೆ’ ಎನ್ನುತ್ತಾರೆ.

ಕಾನು ಇವೆಲ್ಲವುಗಳಿಂದ ಬೇರೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಘಟ್ಟದ ಅಂಚಿನ ಸಿದ್ದಾಪುರ, ಶಿರಸಿಗಳಲ್ಲಿ ಕಾನು ಎಂದರೆ ವರ್ಷವಿಡೀ ಹಸಿರಾಗಿರುವ, ಒಳಗೆ ಕತ್ತಲೆಯೂ ತಂಪೂ ಇರುವ, ನೀರಿನ ಸೆಲೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಕಾಡಿನ ತುಂಡು. ಸುತ್ತಲಿನ ಗುಡ್ಡದಲ್ಲಿ ಮತ್ತಿ, ಹೊನ್ನೆ, ನಂದಿ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತಾಗಲೂ ಕಾನು ಮಾತ್ರ ಕಪ್ಪು ಹಸಿರಿನ ದ್ವೀಪವಾಗಿ ಕಾಣುತ್ತದೆ. ಗುಡ್ಡಕ್ಕೆ ಬೆಂಕಿ ಬಿದ್ದರೂ ಕಾನಿನ ಅಂಚಿಗೆ ಬಂದು ಆರುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಒಳಗಿನ ತೇವ ನೋಡಿದರೆ ಅದು ಸಹಜವೇ. ಪದದ ಬೇರೂ ಹಳೆಯದು. ತಮಿಳಿನಲ್ಲಿ ಕಾನ್, ಕಾನಂ ಎಂದೂ ತುಳುವಿನಲ್ಲಿ ಕಾನ ಎಂದೂ ಇದೇ ಪದ ಕಾಡಿನ ಅರ್ಥದಲ್ಲಿ ಇದೆ. ಉಳಿದೆಡೆ ಅದು ಕಾಡಿಗೆ ಸಾಮಾನ್ಯವಾದ ಹೆಸರು; ಒಂದು ನಿರ್ದಿಷ್ಟ ಬಗೆಯ ಕಾಡಿಗೆ ಅದನ್ನು ಮೀಸಲಿಟ್ಟದ್ದು ನಮ್ಮ ಈ ಸೀಮೆಯ ಜನ. ಅವರು ಅದನ್ನು ನಿಘಂಟು ನೋಡಿ ಮಾಡಲಿಲ್ಲ, ಮೆಣಸು ಕೊಯ್ಯುತ್ತ, ಬೈನೆ ಮರದ ಕಳ್ಳು ಇಳಿಸುತ್ತ, ಗದ್ದೆಗೆ ನೀರು ತಿರುಗಿಸುತ್ತ ಮಾಡಿದರು.

ಬ್ರಿಟಿಷರ ಕಾಲದ ಅರಣ್ಯಾಧಿಕಾರಿಗಳೂ ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕಾಯಿತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ಜಂಟಿ ವರದಿ ಸಲ್ಲಿಸಿದರು. ಇಂಗ್ಲಿಷಿನಲ್ಲಿ ಬರೆದ ಆ ವರದಿಯಲ್ಲಿಯೂ ಅವರು ಕಾನು ಎಂಬ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡರು. ಅವರ ಭಾಷೆಯ ಪದ ಈ ನೆಲವನ್ನು ಹೊರಲಾರದು ಎಂದು ಅವರಿಗೇ ತಿಳಿದಿತ್ತೆಂದು ನಾನು ಭಾವಿಸುತ್ತೇನೆ. ಹೊರಗಿನಿಂದ ಬಂದವರು ಉಳಿಸಿಕೊಂಡ ಪದವನ್ನು ಒಳಗಿನವರೇ ಸಡಿಲವಾಗಿ ಬಳಸುವುದು ನನಗೆ ನೋವು ತರುತ್ತದೆ.

ಆ ಹುಡುಗ ಆಡಿದ ‘ಜಂಗಲ್’ ಎಂಬ ಮಾತಿನ ಕತೆ ಇನ್ನೂ ವಿಚಿತ್ರ. ಅದರ ಮೂಲ ಸಂಸ್ಕೃತದ ಜಾಂಗಲ. ಆಯುರ್ವೇದದಲ್ಲಿ ನೆಲವನ್ನು ವಿಂಗಡಿಸುವಾಗ ನೀರು ಕಡಿಮೆಯಿರುವ, ಮರಗಳು ವಿರಳವಾಗಿರುವ, ಒಣಗಾಳಿಯ ಪ್ರದೇಶಕ್ಕೆ ಜಾಂಗಲ ದೇಶ ಎನ್ನುತ್ತಾರೆ. ನೀರು ತುಂಬಿದ ಪ್ರದೇಶಕ್ಕೆ ಆನೂಪ ದೇಶ ಎನ್ನುತ್ತಾರೆ. ಅದೇ ಪದ ಹಿಂದಿಯ ಮೂಲಕ ಇಂಗ್ಲಿಷಿಗೆ ಹೋಗಿ, ಅಲ್ಲಿ ದಟ್ಟ ಹಸಿರಿನ ಅರ್ಥ ಪಡೆದು, ಈಗ ತಿರುಗಿ ನಮ್ಮ ಕರಪತ್ರಗಳಿಗೆ ಬಂದಿದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಲಿನ ಕಾಡನ್ನು ಜಂಗಲ್ ಎಂದು ಕರೆಯುವಾಗ, ಆ ಪದದ ಹುಟ್ಟನ್ನು ನೋಡಿದರೆ, ನಾವು ತೀರ ಎದುರು ದಿಕ್ಕಿನ ಮಾತನ್ನು ಆಡಿದಂತಾಗುತ್ತದೆ.

ಮೊದಲ ದಿನದ ಸಂಜೆ ಚಹಾ ಕುಡಿಯುವಾಗ ಮನೆಯ ಯಜಮಾನಿ, ‘ಕಾನು ಹೆಂಗಿತ್ತು?’ ಎಂದು ಕೇಳಿದರು. ನನ್ನ ಮನೆಯವಳು ಸಂಕೋಚವಿಲ್ಲದೆ, ‘ಅಕ್ಕ, ಕಾನು ನೋಡ್ಲೇ ಇಲ್ಲ ನಾವು. ಪ್ಲಾಂಟೇಶನ್ ನೋಡ್ಕೊಂಡು ಬಂದ್ವಿ’ ಎಂದಳು. ಆಕೆ ಒಂದು ಕ್ಷಣ ಸುಮ್ಮನಿದ್ದು, ಕಾನಿನ ದಾರಿಯಲ್ಲಿ ಹಳ್ಳ ದಾಟಬೇಕಾಗುತ್ತದೆ, ಉಂಬಳ ಹೆಚ್ಚು, ಪೇಟೆಯಿಂದ ಬಂದವರು ಗೊಣಗುತ್ತಾರೆ, ಅದಕ್ಕೇ ಹುಡುಗರು ಗುಡ್ಡದ ದಾರಿ ಹಿಡಿಯುತ್ತಾರೆ ಎಂದು ವಿವರಿಸಿದರು. ಮರುದಿನ ಬೆಳಿಗ್ಗೆ ತಮ್ಮ ತೋಟದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಒಬ್ಬ ಹಿರಿಯರನ್ನು ನಮ್ಮ ಜೊತೆ ಕಳಿಸುವುದಾಗಿಯೂ ಅದಕ್ಕೆ ಬೇರೆ ಹಣ ಕೊಡಬೇಕಿಲ್ಲವೆಂದೂ ಹೇಳಿದರು. ತಪ್ಪನ್ನು ತೋರಿಸಿದಾಗ ಹೀಗೆ ಮರುಮಾತಿಲ್ಲದೆ ಸರಿಪಡಿಸಿದ್ದನ್ನು ನಾನು ಈ ಮನೆಯ ದೊಡ್ಡಗುಣವೆಂದೇ ಲೆಕ್ಕಿಸುತ್ತೇನೆ.

ಆ ಅಜ್ಜ ಬಂದದ್ದು ಬರಿಗಾಲಿನಲ್ಲಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು. ತೋಟದ ಕೆಳಬದಿಯ ಹಳ್ಳದ ಗುಂಟ ನಮ್ಮನ್ನು ಕರೆದುಕೊಂಡು ಹೋದರು. ಬೇಲಿಯ ತಡಮೆ ದಾಟಿದ ಮೇಲೆ ಹತ್ತು ನಿಮಿಷ ಬಿದಿರು ಹಿಂಡಿಲಿನ ನೆಲ. ‘ಇದಿನ್ನೂ ಕಾನಲ್ಲ ಮಾರಾಯ್ರೆ, ಕಾನಿನ ಬಾಗ್ಲು’ ಎಂದರು. ಮುಂದೆ ಒಂದು ಕಡೆ ಬೆಳಕು ಸರಕ್ಕನೆ ಇಳಿಯಿತು. ಹೊರಗೆ ಒಂಬತ್ತು ಗಂಟೆಯ ಬಿಸಿಲು, ಒಳಗೆ ಮುಸ್ಸಂಜೆ. ಜೀರುಂಡೆಯ ಸದ್ದು ತಲೆಯ ಮೇಲಿನಿಂದ ಒಂದೇ ಸಮನೆ ಬರುತ್ತಿತ್ತು, ಎಲ್ಲೋ ಮೇಲೆ ಮಂಗಟ್ಟೆಯ ರೆಕ್ಕೆಯ ಬೀಸು ಕೇಳಿಸಿತು, ಹಕ್ಕಿ ಕಾಣಲಿಲ್ಲ.

ಅಲ್ಲಿ ಅಜ್ಜ ಕುಕ್ಕರುಗಾಲಿನಲ್ಲಿ ಕೂತು ನೆಲದ ದರಗಿನೊಳಗೆ, ಉದುರಿ ಬಿದ್ದ ಎಲೆಗಳ ರಾಶಿಯೊಳಗೆ, ಕೈ ಹಾಕಿದರು. ಮೇಲಿನ ಪದರದಲ್ಲಿ ಇಡೀ ಎಲೆಗಳಿದ್ದವು. ಅದರ ಕೆಳಗೆ ನರಗಳಷ್ಟೇ ಉಳಿದು ಬಲೆಯಂತಾದ ಎಲೆಗಳು. ಅದರ ಕೆಳಗೆ ಎಲೆಯೂ ಅಲ್ಲದ ಮಣ್ಣೂ ಅಲ್ಲದ ಕರಿಯ ಪುಡಿ, ಅದರಲ್ಲಿ ಬಿಳಿಯ ನೂಲಿನಂಥ ಬೇರುಗಳು. ಮಣಿಕಟ್ಟಿನವರೆಗೆ ಕೈ ಹೋಯಿತು. ಹಿಡಿ ತುಂಬ ತೆಗೆದು ಹಿಂಡಿದಾಗ ಬೆರಳ ಸಂದಿಯಿಂದ ನೀರು ಹನಿಯಿತು. ಮಳೆ ನಿಂತು ಎಷ್ಟೋ ದಿನಗಳಾಗಿದ್ದವು. ‘ನಿನ್ನೆ ಪ್ಲಾಟಲ್ಲಿ ನೋಡಿದ್ರಲ್ಲ, ಆ ದರಗು ಕೊಟ್ಟಿಗೆಗೆ ಹಾಕಿದ್ರೂ ಬೇಗ ಕೊಳೆಯಲ್ಲ. ಇದು ನೋಡಿ’ ಎಂದು ಆ ಹಿಡಿಯನ್ನು ನನ್ನ ಮಗಳ ಅಂಗೈಗೆ ಸುರಿದರು. ಅವಳು ಬಹಳ ಹೊತ್ತು ಅದನ್ನು ಮೂಸಿ ನೋಡುತ್ತ ನಿಂತಿದ್ದಳು. ಕಾನು ಎಂದರೇನು ಎಂಬ ಅವಳ ಪ್ರಶ್ನೆಗೆ ನಾನು ಕೊಡಬಹುದಾಗಿದ್ದ ಯಾವ ವಿವರಣೆಯೂ ಆ ಹಿಡಿ ಮಣ್ಣಿಗೆ ಸಮವಾಗುತ್ತಿರಲಿಲ್ಲ.

ಹಳ್ಳದ ಪಕ್ಕದ ಕೆಸರಿನಲ್ಲಿ ರಾಮಪತ್ರೆಯ ಜಾತಿಯ ಮರಗಳಿದ್ದವು. ಬೇರುಗಳು ನೀರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿದಿದ್ದವು. ಸದಾ ನೀರು ನಿಲ್ಲುವಲ್ಲಿ ಉಸಿರಾಡಲು ಬೇರು ಹೀಗೆ ಮೇಲೆ ಬರುತ್ತದೆ. ಇಂಥ ಜಾಗಕ್ಕೆ ರಾಮಪತ್ರೆ ಜಡ್ಡಿ ಎನ್ನುತ್ತಾರೆ. ತಾಳಗುಪ್ಪದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ಇಂಥ ಜಡ್ಡಿಗಳು ಹೆಸರುವಾಸಿ. ಕತ್ತಲೆಕಾನು ಎಂಬ ಹೆಸರಿನಲ್ಲಿಯೇ ಪದದ ಅರ್ಥ ಪೂರ್ಣವಾಗಿದೆ. ಅಲ್ಲಿ ಕಂಡ, ಕರಿಗೇರಿನ ಕುಲಕ್ಕೆ ಸೇರಿದ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಹೀಗೆ ನಮ್ಮ ಕಾನು ಎಂಬ ಪದ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರಿನೊಳಗೂ ಸೇರಿಕೊಂಡಿದೆ. ಆ ಸುತ್ತಿನ ಕಾಡುಗಳಲ್ಲಿರುವ ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನೂ ಘೋಷಿಸಲಾಯಿತು.

ಅಜ್ಜ ತೋರಿಸಿದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಇನ್ನೊಂದು ವಿಷಯವೆಂದರೆ ಹೆಮ್ಮರವೊಂದನ್ನು ತಬ್ಬಿ ಏರಿದ್ದ ಮೆಣಸಿನ ಬಳ್ಳಿ. ಅದನ್ನು ಯಾರೂ ನೆಟ್ಟದ್ದಲ್ಲ. ಅವರ ತಂದೆಯ ಕಾಲದಲ್ಲಿ ಕಾನುಮೆಣಸನ್ನು ಕೊಯ್ಯಲು ಇಂಥವರು ಇಂಥ ಕಾನಿಗೆ ಎಂಬ ಕಟ್ಟಳೆಯಿತ್ತಂತೆ. ಬೈನೆ, ಉಪ್ಪಾಗೆ, ಮುರುಗಲು, ದಾಲ್ಚಿನ್ನಿ, ಬೆತ್ತ, ಜೇನು ಇವೆಲ್ಲ ಕಾನಿನ ಹುಟ್ಟುವಳಿಗಳು. ಒಂದು ಕಲ್ಲಿಗೆ ಕುಂಕುಮ ಹಚ್ಚಿ ಚೌಡಿಯೆಂದು ಇಟ್ಟಿದ್ದರು. ಅಲ್ಲಿಂದ ಮುಂದೆ ಮರಕ್ಕೆ ಕತ್ತಿ ಹಾಕುವಂತಿಲ್ಲ ಎಂದು ಅಜ್ಜ ತಮ್ಮ ಕತ್ತಿಯನ್ನು ಆ ಕಲ್ಲಿನ ಬಳಿಯೇ ಇಟ್ಟು ನಡೆದರು. ಎಂದರೆ ಕಾನು ಮನುಷ್ಯರಿಲ್ಲದ ಕಾಡಲ್ಲ. ಅದು ಮನುಷ್ಯರು ಕೊಯ್ದುಕೊಳ್ಳುತ್ತಲೇ ಕಾಯ್ದುಕೊಂಡು ಬಂದ ಕಾಡು. ಕಾಡು ಎಂಬ ಪದಕ್ಕಿರುವ ‘ಊರಿಗೆ ಎದುರು’ ಎಂಬ ಅರ್ಥ ಕಾನಿಗೆ ಅಂಟಿಕೊಳ್ಳದಿರುವುದು ಇದಕ್ಕೇ ಎಂದು ನನಗೆ ಅಲ್ಲಿ ಹೊಳೆಯಿತು. ಕಾನಿನಿಂದ ಇಳಿದ ಹಳ್ಳವೇ ಕೆಳಗೆ ತೋಟದ ಕಾಲುವೆಯಾಗಿ, ಅದರ ಕೆಳಗೆ ಗದ್ದೆಯ ನೀರಾಗಿ ಹರಿಯುತ್ತದೆ. ತೋಟ, ಗದ್ದೆ, ಕಾನು ಮೂರೂ ಒಂದೇ ಸಂಸಾರ.

ಪದವನ್ನು ಸಡಿಲವಾಗಿ ಬಳಸಿದರೆ ಏನಾದೀತು ಎಂದು ಕೇಳುವವರಿಗೆ ನನ್ನ ಕಸುಬಿನ ಕಡೆಯಿಂದ ಒಂದು ಉತ್ತರವಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ ಅರಣ್ಯ ಎಂದರೇನು ಎಂಬ ವ್ಯಾಖ್ಯೆ ಇರಲಿಲ್ಲ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಆದೇಶ ನೀಡಿ, ಅರಣ್ಯ ಎಂಬ ಪದವನ್ನು ಅದರ ನಿಘಂಟಿನ ಅರ್ಥದಲ್ಲಿಯೇ ತಿಳಿಯಬೇಕು, ಒಡೆತನ ಯಾರದ್ದೇ ಆಗಿರಲಿ, ದಾಖಲೆಯಲ್ಲಿ ಅರಣ್ಯವೆಂದಿದ್ದರೆ ಅದಕ್ಕೂ ಕಾಯ್ದೆ ಅನ್ವಯಿಸಬೇಕು ಎಂದಿತು. ಒಂದು ದೇಶದ ಅತ್ಯುನ್ನತ ನ್ಯಾಯಾಲಯ ನೆಲದ ಭವಿಷ್ಯವನ್ನು ನಿಘಂಟಿನ ಕೈಗೆ ಕೊಟ್ಟದ್ದು ಸಣ್ಣ ಸಂಗತಿಯಲ್ಲ. 2023ರ ತಿದ್ದುಪಡಿ ಆ ವ್ಯಾಪ್ತಿಯನ್ನು ಕಿರಿದಾಗಿಸಿದಾಗ ವಿಷಯ ಮತ್ತೆ ಅದೇ ನ್ಯಾಯಾಲಯಕ್ಕೆ ಹೋಯಿತು. 2024ರ ಫೆಬ್ರವರಿಯಲ್ಲಿ ಹೊರಡಿಸಿದ ಮಧ್ಯಂತರ ಆದೇಶದಲ್ಲಿ ಸದ್ಯಕ್ಕೆ ಹಳೆಯ ನಿಘಂಟಿನ ಅರ್ಥವನ್ನೇ ಅನುಸರಿಸಬೇಕೆಂದು ಹೇಳಲಾಯಿತು. ಇನ್ನೊಂದು ಕಡೆ, ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಒಂದು ಹೆಕ್ಟೇರಿಗಿಂತ ದೊಡ್ಡದಾದ, ಮರಗಳ ನೆರಳು ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ಇರುವ ನೆಲವನ್ನೆಲ್ಲ ಅರಣ್ಯ ಹೊದಿಕೆಯೆಂದು ಎಣಿಸುತ್ತದೆ. ಅದು ಯಾರದ್ದು, ಯಾವ ಮರ ಎಂಬುದನ್ನು ಆ ಲೆಕ್ಕ ಕೇಳುವುದಿಲ್ಲ. ಆ ಎಣಿಕೆಯಲ್ಲಿ ಮೊದಲ ದಿನ ನಾವು ನಡೆದ ಅಕೇಶಿಯಾವೂ ಎರಡನೆಯ ದಿನದ ರಾಮಪತ್ರೆ ಜಡ್ಡಿಯೂ ಒಂದೇ ಸಾಲಿಗೆ ಬರುತ್ತವೆ.

ಅಕೇಶಿಯಾ ನಮ್ಮ ಜಿಲ್ಲೆಯಲ್ಲಿ ಹೇಗೆ ಹಬ್ಬಿತು ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತು. ಭದ್ರಾವತಿಯ ಕಾಗದ ಕಾರ್ಖಾನೆಗೆ ಕಚ್ಚಾವಸ್ತು ಬೆಳೆಯಲು 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಅರಣ್ಯಭೂಮಿ ಕೊಡಲಾಯಿತು. 2020ರಲ್ಲಿ ಆ ಅವಧಿ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡಿನ ಜನ ಒಟ್ಟಾದರು. ಆಸ್ಟ್ರೇಲಿಯಾದ ಕಡೆಯಿಂದ ಬಂದ ಆ ಮರದ ಮೇಲೆ ನನಗೆ ದ್ವೇಷವಿಲ್ಲ. ಕಟ್ಟಿಗೆಗೆ ಅದು ಒದಗುತ್ತದೆ, ನಮ್ಮ ಮನೆಯ ಬಾಗಿಲೊಂದೂ ಅದರದ್ದೇ. ಆದರೆ ನೆಟ್ಟು ಕಡಿಯುವುದಕ್ಕೆ ನೆಡುತೋಪು ಎಂಬ ಸರಿಯಾದ ಪದ ಇರುವಾಗ ಅದನ್ನು ಕಾನು ಎಂದರೆ, ನಾಳೆ ನಿಜವಾದ ಕಾನನ್ನು ಕಡಿದು ನೆಡುತೋಪು ಮಾಡಿದರೂ ಏನೂ ಕಳೆದುಹೋಗಿಲ್ಲವೆಂದೇ ಕೇಳಿಸುತ್ತದೆ. ಶಿವಮೊಗ್ಗ ಜಿಲ್ಲೆಯ ಕಾನುಗಳಲ್ಲಿ ಎಷ್ಟೋ ಇಂದಿಗೂ ಕಂದಾಯ ಇಲಾಖೆಯ ದಾಖಲೆಯಲ್ಲಿವೆ. ಅವುಗಳ ಪರವಾಗಿ ಪಹಣಿಯಲ್ಲಿ ಸಾಕ್ಷಿ ಹೇಳುತ್ತಿರುವುದು ‘ಕಾನು’ ಎಂಬ ಎರಡಕ್ಷರ. ಪ್ರವಾಸಿಗಳ ನಾಲಿಗೆಯಲ್ಲಿ ಆ ಎರಡಕ್ಷರ ಸವೆದುಹೋಗುವುದು ನನಗೆ ಬೇಡ.

ಹೊರಡುವ ದಿನ ಲೆಕ್ಕ ಕೊಡುವಾಗ ಯಜಮಾನಿ ತಮ್ಮ ಕರಪತ್ರವನ್ನು ತಂದು ನನ್ನ ಮುಂದಿಟ್ಟು, ಎಲ್ಲಿ ಏನು ಬರೆಯಬೇಕೆಂದು ಗುರುತು ಹಾಕಿಕೊಡಲು ಹೇಳಿದರು. ಅದರಲ್ಲಿ ಕಾಡು, ಕಾನು, ಅರಣ್ಯ, ಜಂಗಲ್ ನಾಲ್ಕೂ ಒಂದೇ ಪುಟದಲ್ಲಿ, ಒಂದೇ ಅರ್ಥದಲ್ಲಿ ಇದ್ದವು. ಅಜ್ಜನನ್ನೂ ಕೂರಿಸಿಕೊಂಡೆವು. ಮನೆಯ ಹಿಂದಿನದಕ್ಕೆ ತೋಟ, ಮೇಲಿನದಕ್ಕೆ ಸೊಪ್ಪಿನಬೆಟ್ಟ, ಅದರಾಚೆಗೆ ಹಕ್ಕಲು, ಹಳ್ಳದ ದಾರಿಗೆ ಕಾನು ಎಂದು ಒಂದೊಂದನ್ನೇ ಬರೆದೆವು. ಅಕೇಶಿಯಾದ ಗುಡ್ಡಕ್ಕೆ ಏನೆನ್ನಬೇಕೆಂದು ಕೇಳಿದಾಗ ಅಜ್ಜ ಸ್ವಲ್ಪ ಯೋಚಿಸಿ, ‘ಅದಕ್ಕೆ ನಾವು ಪ್ಲಾಟು ಅಂತಷ್ಟೇ ಅಂತೀವಿ. ಬ್ಯಾರೆ ಹೆಸ್ರು ಇಟ್ಟಿಲ್ಲ’ ಎಂದರು. ನಾನು ನೆಡುತೋಪು ಎಂದು ಬರೆದೆ. ಹೊಸ ಕರಪತ್ರ ಅಚ್ಚಾಗಿದೆಯೋ ಇಲ್ಲವೋ ನೋಡಲು ಸಾಗರದ ಕಡೆ ಮತ್ತೆ ಹೋದಾಗ ಅಲ್ಲಿಗೆ ಹೋಗುತ್ತೇನೆ.

ಹೋಗುವವರಿಗೆ ಒಂದೆರಡು ಮಾತು. ಮುಂಗಡ ಹೇಳುವಾಗಲೇ ‘ಗುಡ್ಡದ ದಾರಿ ಬೇಡ, ಹಳ್ಳದ ದಾರಿ ಬೇಕು’ ಎಂದು ಸ್ಪಷ್ಟವಾಗಿ ತಿಳಿಸಿರಿ, ಹಾಗೆ ತಿಳಿಸಿದರೆ ಅವರು ಖಂಡಿತ ಏರ್ಪಾಡು ಮಾಡುತ್ತಾರೆ. ಮೂರು ಗಂಟೆ ಬೇಕಾಗುತ್ತದೆ, ಮೊಣಕಾಲಿನವರೆಗೆ ಒದ್ದೆಯಾಗುತ್ತದೆ, ಉಂಬಳ ಹತ್ತುತ್ತದೆ. ಸುಣ್ಣದ ಗಂಟನ್ನು ಅವರೇ ಕೊಡುತ್ತಾರೆ. ಅಜ್ಜನ ಜೊತೆಗೇ ಹೋಗಬೇಕೆಂದಿದ್ದರೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚಿನಲ್ಲಿ ಹೋಗುವುದು ಒಳ್ಳೆಯದು. ನಮಗೆ ಅವರು ಸಿಕ್ಕಿದ್ದು ಅಂದು ತೋಟದಲ್ಲಿ ಕೆಲಸವಿಲ್ಲದ್ದರಿಂದ. ಆ ತಿಂಗಳುಗಳಲ್ಲಿ ಗುಡ್ಡದ ಮತ್ತಿ, ನಂದಿಗಳು ಎಲೆ ಉದುರಿಸಿರುತ್ತವೆ. ಮನೆಯ ಜಗಲಿಯಲ್ಲಿ ನಿಂತು ನೋಡಿದರೂ ಕಾನು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು ಕಣ್ಣಿಗೆ ತಾನಾಗಿ ಕಾಣುತ್ತದೆ.